‘ಇತರೆ’ ಎಂದು ಬರೆದ ಸಾಲುಗಳು

ದೊಡ್ಡಪ್ಪ ತೀರಿಕೊಂಡು ವರ್ಷ ತುಂಬುತ್ತ ಬಂದಾಗ, ಅವರ ನೆನಪಿಗೆ ಒಂದು ಚಿಕ್ಕ ಪುಸ್ತಿಕೆ ತರೋಣವೆಂದು ಮನೆಯವರೆಲ್ಲ ಸೇರಿ ನಿಶ್ಚಯಿಸಿದೆವು. ಮೊದಲ ಪುಟದ ಬರಹ ನನ್ನ ಪಾಲಿಗೆ ಬಂತು. ಒಂದೇ ಸಂಜೆಯಲ್ಲಿ ಬರೆದು ಮುಗಿಸಿದೆ. ಕೊಡುಗೈ ದಾನಿ, ಕುಟುಂಬವತ್ಸಲ, ಸರಳ ಸಜ್ಜನಿಕೆಯ ಮೂರ್ತಿ, ಅವರ ಅಗಲಿಕೆ ತುಂಬಲಾರದ ನಷ್ಟ, ಹೀಗೆ ಎಲ್ಲವೂ ಅದರಲ್ಲಿತ್ತು. ಒಂದು ಮಾತೂ ಸುಳ್ಳಾಗಿರಲಿಲ್ಲ. ದೊಡ್ಡಮ್ಮ ಅದನ್ನು ಎರಡು ಸಲ ಓದಿದರು. ಆಮೇಲೆ ಹಾಳೆಯನ್ನು ಮಡಿಸಿ ನನ್ನ ಕೈಗೇ ಕೊಟ್ಟು, “ಚೆನ್ನಾಗಿ ಬರೆದಿದ್ದೀಯಪ್ಪ. ಆದರೆ ಇದರಲ್ಲಿ ಅವರು ಎಲ್ಲಿದ್ದಾರೆ ಅಂತ ನನಗೆ ಸಿಗಲಿಲ್ಲ” ಎಂದರು. ಅವರ ದನಿಯಲ್ಲಿ ಆಕ್ಷೇಪವಿರಲಿಲ್ಲ. ಇಟ್ಟ ಜಾಗದಲ್ಲೇ ಹುಡುಕಿಯೂ ವಸ್ತು ಸಿಗದೆ ಹೋದವರ ದಣಿವು ಇತ್ತು.

ಆ ಮಾತು ನನ್ನನ್ನು ತಿಂಗಳುಗಟ್ಟಲೆ ಬಿಡಲಿಲ್ಲ. ಒಬ್ಬ ಮನುಷ್ಯನ ಬಗ್ಗೆ ಬರೆದ ಮಾತುಗಳೆಲ್ಲ ನಿಜವಾಗಿದ್ದರೂ ಆ ಮನುಷ್ಯ ಅದರಲ್ಲಿ ಇಲ್ಲದೆ ಹೋಗುವುದು ಹೇಗೆ? ಪತ್ರಿಕೆಯ ಶ್ರದ್ಧಾಂಜಲಿ ಪುಟವನ್ನು ತೆಗೆದರೆ ಅಲ್ಲಿ ದಿನವೂ ನಾಲ್ಕಾರು ಕೊಡುಗೈ ದಾನಿಗಳು ಇರುತ್ತಾರೆ. ಅವರಲ್ಲಿ ಒಬ್ಬರ ಬದುಕು ಇನ್ನೊಬ್ಬರ ಬದುಕಿನಂತೆ ಇದ್ದಿರಲಾರದು; ಆದರೂ ಭಾವಚಿತ್ರಗಳನ್ನು ಅದಲುಬದಲು ಮಾಡಿದರೆ ಬರಹಕ್ಕೆ ಏನೂ ಊನವಾಗುವುದಿಲ್ಲ. ಬರೆದವರ ಪ್ರೀತಿಯಲ್ಲಿ ಕೊರತೆಯಿದೆ ಎಂದು ನಾನು ಹೇಳುತ್ತಿಲ್ಲ. ದುಃಖದ ಹೊತ್ತಿನಲ್ಲಿ ಕೈಗೆ ಸಿಗುವುದು ಸಿದ್ಧವಾಗಿರುವ ಮಾತೇ, ಮತ್ತು ಆ ಹೊತ್ತಿಗೆ ಅದು ಆಸರೆಯೂ ಹೌದು. ಆದರೆ ವರ್ಷ ಕಳೆದ ಮೇಲೂ ನಮ್ಮಲ್ಲಿ ಅಷ್ಟೇ ಉಳಿದಿದ್ದರೆ ನಾವು ಏನನ್ನೋ ಕಳೆದುಕೊಳ್ಳುತ್ತಿದ್ದೇವೆ ಎಂದು ನನಗೆ ಭಯವಾಯಿತು.

ಕೇಳುವ ಪ್ರಶ್ನೆ

ನೆನಪಿನಲ್ಲಿ ಎರಡು ಬಗೆಯಿದೆ ಎಂದು 1972ರಲ್ಲಿ ಎಂಡೆಲ್ ಟಲ್ವಿಂಗ್ ಎಂಬ ಮನೋವಿಜ್ಞಾನಿ ವಿಂಗಡಿಸಿ ತೋರಿಸಿದರು. ಒಂದು, ಇಂಥ ದಿನ ಇಂಥ ಕಡೆ ಹೀಗೆ ನಡೆಯಿತು ಎಂಬ ಘಟನೆಯ ನೆನಪು. ಇನ್ನೊಂದು, ಎಲ್ಲಿ ಯಾವಾಗ ಕಲಿತೆವೆಂದು ಗೊತ್ತಿಲ್ಲದೆಯೇ ನಮಗೆ ಗೊತ್ತಿರುವ ತಿಳಿವಳಿಕೆಯ ನೆನಪು. ‘ದೊಡ್ಡಪ್ಪ ಉದಾರಿ’ ಎಂಬುದು ಎರಡನೆಯ ಬಗೆಯದು. ನೂರಾರು ಘಟನೆಗಳನ್ನು ಕಂಡು, ಕೇಳಿ, ಮನಸ್ಸು ಒಂದು ತೀರ್ಮಾನವನ್ನು ಇಟ್ಟುಕೊಂಡು ಘಟನೆಗಳನ್ನು ಒಂದೊಂದಾಗಿ ಕೈಬಿಟ್ಟಿರುತ್ತದೆ. ನನ್ನ ಪುಟದಲ್ಲಿ ಇದ್ದದ್ದು ಅಂಥ ತೀರ್ಮಾನಗಳು ಮಾತ್ರ. ದೊಡ್ಡಮ್ಮನಿಗಾದರೋ ತೀರ್ಮಾನ ಬೇಕಿರಲಿಲ್ಲ. ಐವತ್ತು ವರ್ಷ ಜೊತೆಗಿದ್ದವರಿಗೆ ಅದನ್ನು ನಾನು ಹೇಳಿಕೊಡಬೇಕಾಗಿಯೂ ಇರಲಿಲ್ಲ.

ಹಾಗಾಗಿ ಬಂಧುಗಳನ್ನು ಕೇಳಲು ಹೊರಟೆ. ಮೊದಮೊದಲು “ದೊಡ್ಡಪ್ಪ ಹೇಗಿದ್ದರು?” ಎಂದು ಕೇಳುತ್ತಿದ್ದೆ. “ಅಂಥವರು ಸಿಗೋದಿಲ್ಲ”, “ದೇವರಂಥ ಮನುಷ್ಯ” ಎಂದು ಹೇಳಿ ಎಲ್ಲರೂ ಸುಮ್ಮನಾಗುತ್ತಿದ್ದರು, ಕೆಲವರ ಕಣ್ಣು ತುಂಬುತ್ತಿತ್ತು, ನಾನು ಬರೆದುಕೊಳ್ಳಲು ಏನೂ ಉಳಿಯುತ್ತಿರಲಿಲ್ಲ. 1980ರ ದಶಕದಲ್ಲಿ ಎಡ್ವರ್ಡ್ ಗೈಸೆಲ್‌ಮನ್ ಮತ್ತು ರೊನಾಲ್ಡ್ ಫಿಶರ್ ಎಂಬ ಇಬ್ಬರು ಅಮೆರಿಕನ್ ಮನೋವಿಜ್ಞಾನಿಗಳು, ಅಪರಾಧವನ್ನು ಕಣ್ಣಾರೆ ಕಂಡ ಸಾಕ್ಷಿಗಳನ್ನು ಕೇಳುವ ಒಂದು ಕ್ರಮವನ್ನು ರೂಪಿಸಿದರು. ನೇರವಾಗಿ ಉತ್ತರ ಕೇಳುವ ಮೊದಲು ಆ ಜಾಗವನ್ನು, ಆಗಿನ ಬೆಳಕನ್ನು, ಮನಸ್ಸಿನ ಸ್ಥಿತಿಯನ್ನು ಮತ್ತೆ ಕಣ್ಣ ಮುಂದೆ ತಂದುಕೊಳ್ಳಲು ಹೇಳುವುದು, ಕ್ಷುಲ್ಲಕವೆನ್ನಿಸಿದ್ದನ್ನೂ ಬಿಡದೆ ಹೇಳಲು ಬಿಡುವುದು, ನಡೆದದ್ದನ್ನು ಬೇರೆ ಬೇರೆ ಕ್ರಮದಲ್ಲಿ ಹೇಳಿಸುವುದು ಅದರ ತಿರುಳು. ಸಾವಿನ ಮನೆಗೂ ಪೊಲೀಸರ ವಿಚಾರಣೆಗೂ ಎಲ್ಲಿಯ ಸಂಬಂಧ ಎನ್ನಿಸಬಹುದು. ಆದರೆ ಎರಡು ಕಡೆಯೂ ಎದುರಿಗಿರುವುದು ಒಂದೇ ಕಷ್ಟ: ನೆನಪು ಇದೆ, ಅದರ ಬಾಗಿಲು ತೆರೆಯುತ್ತಿಲ್ಲ. ನಾನು ಪ್ರಶ್ನೆಯನ್ನು ಬದಲಿಸಿದೆ. “ಅವರನ್ನು ಮೊದಲು ನೋಡಿದ್ದು ಎಲ್ಲಿ? ಅವರು ನಿಂತಿದ್ದರಾ, ಕೂತಿದ್ದರಾ? ಕೈಯಲ್ಲಿ ಏನಿತ್ತು?”

ಅಲ್ಲಿಂದ ಮುಂದೆ ಜನ ಮಾತಾಡತೊಡಗಿದರು. ಚಿಕ್ಕಪ್ಪನವರು, ದೊಡ್ಡಪ್ಪ ಯಾರಿಗಾದರೂ ಕಾಗದ ಓದಿ ಹೇಳುವಾಗ ಬೆರಳನ್ನು ಸಾಲಿನ ಕೆಳಗೆ ಇಡುತ್ತಿದ್ದುದನ್ನು ನೆನೆದರು. ಓದು ಬಾರದವರೂ ತಮ್ಮ ಹೆಸರು ಎಲ್ಲಿದೆಯೆಂದು ಕಾಣಲಿ ಎಂಬ ಕಾರಣಕ್ಕೆ. ಅತ್ತೆಗೆ ಅವರ ಸೈಕಲ್ಲಿನ ಹಿಂದಿನ ಸೀಟು ನೆನಪಾಯಿತು. ಮೊದಲ ಹೆರಿಗೆಗೆ ಮುನ್ನ ಆಸ್ಪತ್ರೆಗೆ ಹೋಗುವಾಗ ಅಣ್ಣ ಸೈಕಲ್ ತುಳಿಯದೆ, ಅವರನ್ನು ಕೂರಿಸಿಕೊಂಡು ಅಷ್ಟು ದೂರವನ್ನೂ ತಳ್ಳಿಕೊಂಡೇ ನಡೆದಿದ್ದರಂತೆ. ಒಂದು ವಿಷಯ ನನ್ನ ಗಮನಕ್ಕೆ ಬಂತು. ಪ್ರತಿಯೊಬ್ಬರ ದೊಡ್ಡಪ್ಪನಿಗೂ ಬೇರೆ ಬೇರೆ ವಯಸ್ಸು. ಚಿಕ್ಕಪ್ಪನವರ ಅಣ್ಣ ಇಪ್ಪತ್ತೈದರ ಯುವಕ, ನನ್ನ ದೊಡ್ಡಪ್ಪನಿಗೆ ಐವತ್ತು, ನನ್ನ ಮಗಳ ಅಜ್ಜ ಕೋಲೂರಿಕೊಂಡು ಬಾಗಿಲವರೆಗೆ ಬರುವ ಮುದುಕ. ನಡುವಯಸ್ಸು ದಾಟಿದವರು ತಮ್ಮ ಹತ್ತರಿಂದ ಮೂವತ್ತರ ನಡುವಿನ ವರ್ಷಗಳನ್ನು ಉಳಿದ ವರ್ಷಗಳಿಗಿಂತ ಹೆಚ್ಚಾಗಿ ನೆನೆಯುತ್ತಾರೆಂದು 1986ರಲ್ಲಿ ಮನೋವಿಜ್ಞಾನಿ ಡೇವಿಡ್ ರೂಬಿನ್ ಮತ್ತು ಅವರ ಸಂಗಡಿಗರು ಹಿಂದಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ತೋರಿಸಿದ್ದಾರೆ. ಅಂದರೆ ತೀರಿಕೊಂಡವರನ್ನು ನಾವು ಅವರ ವಯಸ್ಸಿನಿಂದಲ್ಲ, ನಮ್ಮ ಹರೆಯದಿಂದ ನೋಡುತ್ತಿರುತ್ತೇವೆ. ಹಾಗಿರುವಾಗ ಯಾವ ಒಬ್ಬರ ನೆನಪೂ ಒಂದು ಬದುಕಿನ ಉದ್ದಕ್ಕೆ ಸಾಲುವುದಿಲ್ಲ. ಹಲವರ ಬಳಿ ಕೂತು ಕೇಳಿಸಿಕೊಳ್ಳುವುದಲ್ಲದೆ ಬೇರೆ ದಾರಿ ಕಾಣೆ.

ನಾಲ್ಕು ಭಾನುವಾರಗಳ ಕೂಲಿ

ನನ್ನದೇ ನೆನಪನ್ನು ಈಗ ಹೇಳಬೇಕು. ನನಗಾಗ 19 ವರ್ಷ. ಪರೀಕ್ಷೆಯಲ್ಲಿ ನಪಾಸಾಗಿದ್ದೆ. ಅಪ್ಪನಿಗೆ ಆ ವರ್ಷ ಕೆಲಸವಿರಲಿಲ್ಲ. ಮತ್ತೆ ಶುಲ್ಕ ಕಟ್ಟುವ ಮಾತನ್ನು ಎತ್ತುವ ಧೈರ್ಯ ನನಗಿರಲಿಲ್ಲ, ಓದು ಬಿಟ್ಟುಬಿಡುವುದೆಂದು ಮನಸ್ಸಿನಲ್ಲೇ ಗಟ್ಟಿಮಾಡಿಕೊಂಡಿದ್ದೆ. ಒಂದು ದಿನ ದೊಡ್ಡಪ್ಪ ಬಂದು, “ನನ್ನ ಕಣ್ಣು ಮೊದಲಿನಂತಿಲ್ಲ. ಹಳೆಯ ಕಾಗದಪತ್ರಗಳ ಒಂದು ಕಟ್ಟು ಇದೆ, ಶಾಯಿ ಮಾಸುತ್ತಿದೆ. ನಿನ್ನ ಅಕ್ಷರ ದುಂಡಗಿದೆ. ಬಿಡುವಿದ್ದರೆ ಬಂದು ಹೊಸ ಹಾಳೆಯಲ್ಲಿ ನಕಲು ಮಾಡಿಕೊಡುತ್ತೀಯಾ?” ಎಂದು ಕೇಳಿದರು. ನಾನು ನಾಲ್ಕು ಭಾನುವಾರ ಅವರ ಮನೆಯ ಕಿಟಕಿಯ ಬಳಿ ಕೂತು ಬರೆದೆ. ಅವರು ಪಕ್ಕದಲ್ಲಿ ಪೇಪರ್ ಓದುತ್ತ, ಆಗಾಗ ಎದ್ದು ಬಂದು, “ಈ ಅಕ್ಷರ ‘ಥ’ ನೋ ‘ಧ’ ನೋ, ಸರಿಯಾಗಿ ನೋಡು, ಮುಂದೆ ತಕರಾರು ಬರಬಾರದು” ಎಂದು ಗಂಭೀರವಾಗಿ ಎಚ್ಚರಿಸುತ್ತಿದ್ದರು. ನಾಲ್ಕನೆಯ ವಾರ ಮುಗಿದಾಗ ಹಾಳೆಗಳನ್ನು ಜೋಡಿಸಿ, ಹುರಿದಾರದಿಂದ ಎರಡು ಸುತ್ತು ಸುತ್ತಿ ಗಂಟು ಹಾಕಿ ಕೊಟ್ಟೆ. ಅವರು ಒಂದು ಲಕೋಟೆ ಕೊಟ್ಟರು. ಮೇಲೆ ‘ಬರವಣಿಗೆ ಕೂಲಿ’ ಎಂದು ಬರೆದಿತ್ತು. ಒಳಗಿದ್ದದ್ದು ಶುಲ್ಕಕ್ಕೆ ಸರಿಯಾಗುವಷ್ಟು ಹಣ. ಕೂಲಿ ಹೆಚ್ಚಾಯಿತು ಎಂದು ನಾನು ಹೇಳಿದ್ದಕ್ಕೆ, “ಕೆಲಸ ನೋಡಿ ಕೊಟ್ಟಿದ್ದೇನೆ, ಮುಖ ನೋಡಿ ಅಲ್ಲ” ಎಂದರು.

ನಾನು ಆ ಮಾತನ್ನು ನಂಬಿದ್ದೆ. ಇಪ್ಪತ್ತೆಂಟು ವರ್ಷ ನಂಬಿದ್ದೆ. ಕಾಲೇಜಿಗೆ ಮರಳಿ ಹೋದಾಗ ನನ್ನ ದುಡಿಮೆಯ ಹಣದಲ್ಲಿ ಹೋಗುತ್ತಿದ್ದೇನೆ ಎಂಬ ಹೆಮ್ಮೆ ನನಗಿತ್ತು. ನಪಾಸಾದವನ ತಲೆ ಮೇಲಕ್ಕೇಳಲು ಆ ಹೆಮ್ಮೆ ಹಣದಷ್ಟೇ ಬೇಕಾಗಿತ್ತು. ಈ ಸಲ ಪುಸ್ತಿಕೆಗಾಗಿ ಭಾವಚಿತ್ರ ಹುಡುಕುತ್ತ ಅವರ ಬೀರುವಿನ ಕೆಳಗಿನ ಖಾನೆಯನ್ನು ತೆರೆದಾಗ ಆ ಕಟ್ಟು ಸಿಕ್ಕಿತು. ಹುರಿದಾರ ಬಣ್ಣಗೆಟ್ಟು ಕಾಗದಕ್ಕೆ ಅಂಟಿಕೊಂಡಿತ್ತು. ನಾನು ಎಡಗೈ ಬಳಸುವವನು. ನನ್ನ ಗಂಟಿನ ಕುಣಿಕೆ ಬೇರೆಯವರದಕ್ಕಿಂತ ತಿರುವುಮುರುವಾಗಿ ಬೀಳುತ್ತದೆ. ಆ ಗಂಟು ನಾನು ಹಾಕಿದ ದಿನ ಹೇಗಿತ್ತೋ ಹಾಗೆಯೇ ಇತ್ತು. ಆ ಹಾಳೆಗಳನ್ನು ಅವರು ಒಮ್ಮೆಯೂ ಬಿಚ್ಚಿ ನೋಡಿರಲಿಲ್ಲ. ಎಸೆದೂ ಇರಲಿಲ್ಲ.

ಅಲ್ಲೇ ನೆಲದ ಮೇಲೆ ಕೂತು ಬಹಳ ಹೊತ್ತು ಆ ಗಂಟನ್ನು ನೋಡುತ್ತಿದ್ದೆ. ಕೊಡುವುದರಲ್ಲಿ ಒಂದು ಅಪಾಯವಿದೆ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮೋಸ್ 1925ರಲ್ಲಿ ಪ್ರಕಟಿಸಿದ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ, ಹಲವು ಸಮಾಜಗಳನ್ನು ಹೋಲಿಸಿ ನೋಡಿ, ಕೊಡುಗೆಯ ಜೊತೆಗೆ ಮೂರು ಕಟ್ಟುಪಾಡುಗಳು ಬರುತ್ತವೆ ಎಂದು ವಾದಿಸಿದರು: ಕೊಡಬೇಕು, ಕೊಟ್ಟದ್ದನ್ನು ಸ್ವೀಕರಿಸಬೇಕು, ಮತ್ತು ಮರಳಿಸಬೇಕು. ಮರಳಿಸಲಾಗದವನು ಕೊಟ್ಟವನ ಎದುರು ಕೆಳಗಾಗಿಯೇ ಉಳಿಯುತ್ತಾನೆ. ಇದು ನಮಗೆ ಪುಸ್ತಕದಿಂದ ತಿಳಿಯಬೇಕಾದ ಸಂಗತಿಯೇನಲ್ಲ. ಸಹಾಯ ಪಡೆದ ಮನೆಯ ಮುಂದೆ ಹಾದುಹೋಗುವಾಗ ಹೆಜ್ಜೆ ಬಿರುಸಾಗುವುದು ಯಾರಿಗೆ ಗೊತ್ತಿಲ್ಲ? ‘ಋಣ’ ಎಂಬ ಒಂದೇ ಶಬ್ದದಲ್ಲಿ ಸಾಲವೂ ಇದೆ, ಸಂಬಂಧವೂ ಇದೆ, ಭಾರವೂ ಇದೆ. ದೊಡ್ಡಪ್ಪ ಆ ಭಾರವನ್ನು ನನ್ನ ಹೆಗಲಿಗೆ ಬರುವ ಮೊದಲೇ ಇಳಿಸಿಬಿಟ್ಟಿದ್ದರು. 12ನೆಯ ಶತಮಾನದ ಯಹೂದಿ ಚಿಂತಕ ಮೈಮೊನಿಡೀಸ್ ದಾನಕ್ಕೆ ಎಂಟು ಮೆಟ್ಟಿಲುಗಳನ್ನು ಹೇಳಿದ್ದಾನೆ. ಒಲ್ಲದ ಮನಸ್ಸಿನಿಂದ ಕೊಡುವುದು ಎಲ್ಲಕ್ಕಿಂತ ಕೆಳಗಿನದು. ಕೊಟ್ಟವನು ಯಾರೆಂದು ಪಡೆದವನಿಗೆ, ಪಡೆದವನು ಯಾರೆಂದು ಕೊಟ್ಟವನಿಗೆ ತಿಳಿಯದಂತೆ ಕೊಡುವುದನ್ನೇ ಅತ್ಯುನ್ನತವೆಂದು ನಾವು ಭಾವಿಸುತ್ತೇವೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂಬ ಮಾತು ನಮ್ಮ ಬಾಯಲ್ಲಿ ಸದಾ ಇದೆ. ಅವನು ಅದನ್ನು ಎರಡನೆಯ ಸ್ಥಾನದಲ್ಲಿಟ್ಟು, ಅದಕ್ಕಿಂತ ಮೇಲೆ, ಒಬ್ಬನಿಗೆ ಸಾಲ ಕೊಟ್ಟೋ, ವ್ಯವಹಾರದಲ್ಲಿ ಪಾಲುದಾರನನ್ನಾಗಿ ಮಾಡಿಕೊಂಡೋ, ಕೆಲಸ ಒದಗಿಸಿಯೋ, ಅವನು ಮತ್ತೆ ಕೈಯೊಡ್ಡದಂತೆ ನೆಲೆ ನಿಲ್ಲಿಸುವುದನ್ನು ಇಟ್ಟಿದ್ದಾನೆ. ದೊಡ್ಡಪ್ಪ ಈ ಹೆಸರನ್ನು ಕೇಳಿರಲಿಲ್ಲ. ಹುಡುಗನೊಬ್ಬನ ಮುಖ ನೋಡಿ ಅವರಿಗೆ ಅದು ತಿಳಿದಿತ್ತು.

ಇಂಥವರ ಬದುಕನ್ನು ನೆನೆಯುವುದು ಏಕೆ ಕಷ್ಟವೆಂದು ನನಗೆ ಆಗ ಅರ್ಥವಾಯಿತು. ಚೆನ್ನಾಗಿ ಕೊಟ್ಟವರು ಕೊಟ್ಟ ಗುರುತನ್ನೂ ಅಳಿಸಿರುತ್ತಾರೆ. ಪಡೆದವನಿಗೇ ತಾನು ಪಡೆದೆನೆಂದು ತಿಳಿದಿರುವುದಿಲ್ಲ. ತಿಳಿದವರು ಸಂಕೋಚದಿಂದ ಹೇಳುವುದಿಲ್ಲ.

ಲೆಕ್ಕದ ಪುಸ್ತಕಗಳು

ಅದೇ ಖಾನೆಯಲ್ಲಿ ಮನೆಯ ಖರ್ಚಿನ ಲೆಕ್ಕದ ಪುಸ್ತಕಗಳಿದ್ದವು. ವರ್ಷಕ್ಕೊಂದರಂತೆ 31 ಪುಸ್ತಕಗಳು. ಅವುಗಳನ್ನು ಹಾಲ್‌ಗೆ ತಂದು ಹರಡಿಕೊಂಡು ನಾನೂ ದೊಡ್ಡಪ್ಪನ ಹಿರಿಯ ಮಗನೂ ಓದಲು ಕೂತೆವು. ಅಣ್ಣನಿಗೆ ಈಗ 52. ಪುಸ್ತಿಕೆಯ ಮಾತು ಬಂದಾಗಿನಿಂದ ಅವನು ಹೆಚ್ಚು ಮಾತಾಡಿರಲಿಲ್ಲ, ಬರೆದುಕೊಡು ಎಂದು ಕೇಳಿದಾಗೆಲ್ಲ ನೋಡೋಣ ಎಂದು ತಳ್ಳಿಹಾಕುತ್ತಿದ್ದ. ಪುಸ್ತಕ ತಿರುವುತ್ತ ತಿರುವುತ್ತ ಅವನು ಕೊನೆಗೂ ಹೇಳಿದ: “ಏಳನೇ ಕ್ಲಾಸಿನಲ್ಲಿ ಎಲ್ಲರೂ ಪ್ರವಾಸಕ್ಕೆ ಹೋದರು. ನಾನು ಹೋಗಲಿಲ್ಲ. ದುಡ್ಡಿಲ್ಲ ಅಂದಿದ್ದರೆ ನನಗೆ ಬೇಜಾರಿರಲಿಲ್ಲ. ದುಡ್ಡು ಇತ್ತು, ಹಿಂದಿನ ದಿನ ಯಾರಿಗೋ ಕೊಟ್ಟಿದ್ದರು. ಊರಿಗೆಲ್ಲ ಅಪ್ಪ ಆಗಿದ್ದವರಿಗೆ ಮಗ ನೆನಪಾಗಲಿಲ್ಲ ಅಂತ ನಾನು ಇವತ್ತಿನವರೆಗೂ ಅಂದುಕೊಂಡಿದ್ದೇನೆ.” ಶ್ರದ್ಧಾಂಜಲಿ ಪುಟಗಳಲ್ಲಿ ಈ ಮಾತಿಗೆ ಜಾಗವಿರುವುದಿಲ್ಲ. ಆದರೆ ಉದಾರಿಯ ಮನೆಯಲ್ಲಿ ಬೆಳೆದ ಮಕ್ಕಳು ಎಲ್ಲಿದ್ದರೂ ಈ ಮಾತನ್ನು ಎಂದೋ ಒಂದು ದಿನ ಮನಸ್ಸಿನಲ್ಲಿ ಆಡಿಕೊಂಡಿರುತ್ತಾರೆ ಎಂದು ನನಗನ್ನಿಸುತ್ತದೆ. ಹೊರಗೆ ಚಾಚಿದ ಕೈ ಒಳಗಿನ ಯಾವುದೋ ಪಾತ್ರೆಯಿಂದಲೇ ತುಂಬಿಕೊಂಡು ಹೋಗಿರುತ್ತದೆ. ಇದನ್ನು ಬಿಟ್ಟು ಬರೆದರೆ ನಾವು ಅವರ ಗುಣವನ್ನು ಹೊಗಳಿದಂತಾದರೂ ಆ ಗುಣಕ್ಕೆ ತಗಲಿದ ಬೆಲೆಯನ್ನು ತೆತ್ತವರನ್ನು ಮರೆತಂತಾಗುತ್ತದೆ.

ಅಣ್ಣ ಆ ವರ್ಷದ ಪುಸ್ತಕವನ್ನು ಹುಡುಕಿ ತೆಗೆದ. ತಿಂಗಳನ್ನೂ ಹುಡುಕಿದ. ಪ್ರತಿ ಪುಟದಲ್ಲೂ ದಿನಸಿ, ಬಾಡಿಗೆ, ಔಷಧ ಎಂದು ಬಾಬ್ತುಗಳಿದ್ದವು. ಎಲ್ಲಕ್ಕಿಂತ ಕೆಳಗೆ ‘ಇತರೆ’ ಎಂಬ ಒಂದು ಸಾಲು. ಕೆಲವು ತಿಂಗಳಲ್ಲಿ ಅದು ಎಲ್ಲಕ್ಕಿಂತ ಸಣ್ಣ ಮೊತ್ತ, ಕೆಲವು ತಿಂಗಳಲ್ಲಿ ಬಾಡಿಗೆಗಿಂತ ದೊಡ್ಡದು. ಆ ತಿಂಗಳಲ್ಲಿ ‘ಇತರೆ’ ದೊಡ್ಡದಾಗಿತ್ತು. ಅದರ ಕೆಳಗೆ, ಅಂಚಿಗೆ ಒತ್ತಿಕೊಂಡಂತೆ, ‘ಪ್ರವಾಸ’ ಎಂದು ಬರೆದು ಮುಂದೆ ಒಂದು ಅಡ್ಡಗೆರೆ ಎಳೆದಿತ್ತು. ಅಣ್ಣ ಬಹಳ ಹೊತ್ತು ಆ ಗೆರೆಯನ್ನು ನೋಡಿದ. ಆಮೇಲೆ ಪುಟವನ್ನು ಬೆಳಕಿಗೆ ಹಿಡಿದು, “ಇದು ಅಪ್ಪನ ಅಕ್ಷರ ಅಲ್ಲ” ಎಂದ.

ಲೆಕ್ಕ ಬರೆದವರು ದೊಡ್ಡಮ್ಮ. ಮೂವತ್ತೊಂದೂ ಪುಸ್ತಕಗಳಲ್ಲಿದ್ದದ್ದು ಅವರ ಅಕ್ಷರ. ದೊಡ್ಡಪ್ಪ ಯಾರಿಗೂ ತಿಳಿಯದಂತೆ ಕೊಡುತ್ತಿದ್ದರು ಎಂದು ನಾವೆಲ್ಲ ಹೇಳಿಕೊಂಡು ಬಂದಿದ್ದೆವು. ಮನೆಯ ಒಂದೊಂದು ಕಾಸನ್ನೂ ಬರೆದಿಡುತ್ತಿದ್ದವರಿಗೆ ತಿಳಿಯದೆ ಅದು ನಡೆದಿರಲು ಸಾಧ್ಯವೇ ಇರಲಿಲ್ಲ. ಅಷ್ಟು ಸರಳವಾದ ಸಂಗತಿ ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಅಣ್ಣ ಪುಸ್ತಕ ಹಿಡಿದುಕೊಂಡು ಒಳಗೆ ಹೋಗಿ ಅಮ್ಮನ ಎದುರು ಕೂತ. ನಾನು ಬಾಗಿಲ ಬಳಿ ನಿಂತೆ. ದೊಡ್ಡಮ್ಮ ಕನ್ನಡಕ ಏರಿಸಿಕೊಂಡು ಆ ಸಾಲನ್ನು ಓದಿ, ಮಗನ ಮುಖ ನೋಡದೆಯೇ ಹೇಳಿದರು: “ಬೇಡ ಅಂದವಳು ನಾನೇ. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎದ್ದು, ಕೊಟ್ಟು ಬನ್ನಿ ಅಂದವಳೂ ನಾನೇ. ನಿಂಗೆ ಹೇಗೆ ಹೇಳೋದು ಅಂತ ಅವರಿಗೆ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ.” ಯಾರಿಗೆ ಕೊಟ್ಟಿರಿ ಎಂದು ಅಣ್ಣ ಕೇಳಿದ. “ತಗೊಂಡವರು ಇನ್ನೂ ಇದ್ದಾರೆ ಕಣೋ” ಎಂದು ಪುಸ್ತಕವನ್ನು ಮುಚ್ಚಿದರು. 

ಅಣ್ಣನ ಸಂಕಟ ಅಲ್ಲಿಗೆ ಪರಿಹಾರವಾಯಿತೆಂದು ನಾನು ಬರೆಯಲಾರೆ. ಹನ್ನೆರಡು ವರ್ಷದ ಹುಡುಗನಿಗೆ ತಪ್ಪಿಹೋದ ಪ್ರವಾಸ ತಪ್ಪಿಹೋದದ್ದೇ. ಆದರೆ ಆ ದಿನದ ನಂತರ ಅವನು ಮಾತಾಡತೊಡಗಿದ. ಅಪ್ಪ ಆ ವಾರವೆಲ್ಲ ಸಂಜೆ ಬೇಗ ಮನೆಗೆ ಬಂದು, ತನ್ನ ಜೊತೆ ಮಾತಿಲ್ಲದೆ ಅಂಗಳದಲ್ಲಿ ಕೂರುತ್ತಿದ್ದುದು ಅವನಿಗೆ ನೆನಪಾಯಿತು. ಅದು ನಿಜವಾಗಿ ನೆನಪೋ, ಲೆಕ್ಕದ ಸಾಲನ್ನು ಓದಿದ ಮೇಲೆ ಮನಸ್ಸು ತುಂಬಿಕೊಂಡದ್ದೋ ಎಂದು ಅವನೇ ಅನುಮಾನಿಸಿದ. 1932ರಲ್ಲೇ ಕೇಂಬ್ರಿಜ್‌ನ ಮನೋವಿಜ್ಞಾನಿ ಫ್ರೆಡರಿಕ್ ಬಾರ್ಟ್‌ಲೆಟ್, ಜನ ಒಂದು ಕಥೆಯನ್ನು ನೆನೆದು ಮರಳಿ ಹೇಳುವಾಗೆಲ್ಲ ತಮಗೆ ಅರ್ಥವಾಗುವಂತೆ ಅದನ್ನು ತಿದ್ದಿಕೊಳ್ಳುತ್ತಾರೆಂದು ತೋರಿಸಿದ್ದರು. ಆದ್ದರಿಂದ ನಾನು ಅಣ್ಣನ ಮಾತನ್ನು ಬರೆದುಕೊಳ್ಳುವಾಗ ಅವನ ಅನುಮಾನವನ್ನೂ ಪಕ್ಕದಲ್ಲೇ ಬರೆದುಕೊಂಡೆ.

ಒಳರಟ್ಟಿನ ಹೆಸರುಗಳು

ಇಷ್ಟಾದರೂ ದೊಡ್ಡಪ್ಪನ ಕೈಬರಹ ಆ ಪುಸ್ತಕಗಳಲ್ಲಿ ಎಲ್ಲೂ ಇರಲಿಲ್ಲವೆಂದಲ್ಲ. ಕೊನೆಯ ಪುಸ್ತಕದ ರಟ್ಟಿನ ಒಳಬದಿಯಲ್ಲಿ ಅವರು ಪೆನ್ಸಿಲಿನಲ್ಲಿ ಬರೆದ ಒಂದು ಪಟ್ಟಿಯಿತ್ತು. ಮನೆಯವರ 17 ಹೆಸರುಗಳು. ಒಂದೊಂದರ ಮುಂದೆಯೂ ರಕ್ತದ ಗುಂಪು, ಕನ್ನಡಕದ ಪವರ್, ಪಾದರಕ್ಷೆಯ ಅಳತೆ. ಹಿಂದಿನ ಪುಸ್ತಕಗಳನ್ನು ತೆರೆದು ನೋಡಿದರೆ ಅವುಗಳ ಒಳರಟ್ಟಿನಲ್ಲೂ ಅದೇ ಪಟ್ಟಿ, ವರ್ಷದಿಂದ ವರ್ಷಕ್ಕೆ ಹೊಸದಾಗಿ ಬರೆದದ್ದು. ಹೊಸ ಸೊಸೆ ಬಂದ ವರ್ಷ ಒಂದು ಹೆಸರು ಸೇರಿದೆ, ಅಜ್ಜಿ ಹೋದ ವರ್ಷ ಒಂದು ಹೆಸರು ಇಲ್ಲ. ಮಕ್ಕಳ ಅಳತೆಯ ಜಾಗದಲ್ಲಿ ರಬ್ಬರಿನಿಂದ ಅಳಿಸಿ ಅಳಿಸಿ ರಟ್ಟು ನಯವಾಗಿ ತೆಳ್ಳಗಾಗಿತ್ತು. ಬೆರಳಾಡಿಸಿದರೆ ಎಷ್ಟು ಮಕ್ಕಳು ಬೆಳೆದಿದ್ದಾರೆಂದು ತಿಳಿಯುವಂತಿತ್ತು. ದೂರದಲ್ಲಿದ್ದ ನಮಗೆಲ್ಲ ಅವರು ಫೋನ್ ಮಾಡಿದಾಗ ಮಾತಿನ ನಡುವೆ, ಏನೋ ನೆನಪಾದವರಂತೆ, “ಮಗುವಿನ ಕಾಲು ಈಗ ಎಷ್ಟಾಯಿತು?” ಎಂದು ಕೇಳುತ್ತಿದ್ದರು. ವಯಸ್ಸಾದವರ ಅಭ್ಯಾಸವೆಂದು ನಾನು ಉತ್ತರ ಕೊಟ್ಟು ಮರೆಯುತ್ತಿದ್ದೆ.

ಆ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಅತ್ತೆ ಅದನ್ನು ಕಂಡು ಅತ್ತರು, ತಮ್ಮನ್ನು ತಾವು ಮರೆತೇ ಬದುಕಿದರು ಎಂದರು. ನನಗೆ ಹಾಗನ್ನಿಸಲಿಲ್ಲ. ತಮ್ಮ ಕಾಲಿನ ಅಳತೆ ಯಾರಿಗಾದರೂ ನೆನಪಿರುತ್ತದೆ, ಬರೆದಿಟ್ಟುಕೊಳ್ಳಬೇಕಾಗಿಲ್ಲ. ಅದರಲ್ಲಿ ತ್ಯಾಗವನ್ನು ಹುಡುಕಿದರೆ ನಾವು ಮತ್ತೆ ಹಳೆಯ ಮಾತುಗಳಿಗೇ ಮರಳುತ್ತೇವೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಪೆನ್ಸಿಲು. ದೊಡ್ಡಮ್ಮನ ಲೆಕ್ಕವೆಲ್ಲ ಪೆನ್ನಿನಲ್ಲಿತ್ತು, ಏಕೆಂದರೆ ಖರ್ಚಾದದ್ದು ಬದಲಾಗುವುದಿಲ್ಲ. ಮನುಷ್ಯರನ್ನು ದೊಡ್ಡಪ್ಪ ಪೆನ್ಸಿಲಿನಲ್ಲಿ ಬರೆದರು. ಕುಟುಂಬವತ್ಸಲ ಎಂಬ ಶಬ್ದವನ್ನು ನಾನು ಬರೆದಿದ್ದ ಜಾಗದಲ್ಲಿ ಈ ಒಳರಟ್ಟಿನ ಚಿತ್ರವನ್ನೇ ಅಚ್ಚು ಹಾಕಿಸುವುದೆಂದು ನಿಶ್ಚಯವಾಯಿತು. ನಾಲ್ಕು ಭಾನುವಾರಗಳ ಕಥೆಯನ್ನು ನಾನು ಬರೆದೆ. ಅಣ್ಣ ಪ್ರವಾಸದ ಸಂಗತಿಯನ್ನು ಎರಡು ಪುಟ ಬರೆದುಕೊಟ್ಟ. ಅದರಲ್ಲಿ ಕೋಪವಿದೆ, ಅದನ್ನು ತೆಗೆಯಬೇಡಿ ಎಂದು ದೊಡ್ಡಮ್ಮನೇ ಹೇಳಿದರು. ‘ಇತರೆ’ ಸಾಲುಗಳನ್ನು ಅಚ್ಚಿಗೆ ಕೊಡಲು ಮಾತ್ರ ಅವರು ಒಪ್ಪಲಿಲ್ಲ.

ಬರೆದದ್ದನ್ನೆಲ್ಲ ಒಮ್ಮೆ ಅವರಿಗೆ ಓದಿ ಹೇಳಲೆಂದು ಕಳೆದ ವಾರ ಹೋಗಿದ್ದೆ, ಮಗಳೂ ಜೊತೆಗಿದ್ದಳು. ಓದಿ ಮುಗಿಸುವವರೆಗೆ ದೊಡ್ಡಮ್ಮ ಕಣ್ಣು ಮುಚ್ಚಿಕೊಂಡೇ ಕೇಳಿದರು, ಏನೂ ಹೇಳಲಿಲ್ಲ. ಎದ್ದು ಹೋಗಿ ಕೊನೆಯ ಪುಸ್ತಕವನ್ನು ತಂದು ತೊಡೆಯ ಮೇಲಿಟ್ಟುಕೊಂಡು ರಟ್ಟು ತೆರೆದರು. ಪುಸ್ತಕದ ಬೆನ್ನಿಗೆ ಸಿಕ್ಕಿಸಿದ್ದ ಮೋಟು ಪೆನ್ಸಿಲನ್ನು ಎಳೆದು ತೆಗೆದು, ಮಗಳ ಹೆಸರಿನ ಮುಂದಿದ್ದ ಅಂಕಿಯನ್ನು ನಿಧಾನವಾಗಿ ಅಳಿಸಿ, “ಈಗ ಎಷ್ಟಾಗಿದೆ?” ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಮಗಳ ಬೂಟನ್ನು ಬಿಚ್ಚಿಸಿ, ತಿರುಗಿಸಿ, ಅಟ್ಟೆಯ ಮೇಲಿನ ಅಂಕಿಯನ್ನು ಓದಿ ಹೇಳಿದೆ.